ಜಿಸಿಸಿ 6.3 ಕ್ರಾಸ್ ಬಿಲ್ಡ್ ಲಿಬ್‌ಜಿಸಿಸಿಯಲ್ಲೇ ನಿಲ್ಲುತ್ತಿದೆ, ಯಾರಾದರೂ ನೋಡಿ

ಟೂಲ್‌ಚೈನ್_ತಲೆನೋವು: ಬೇರೆ ಪ್ರೊಸೆಸರ್‌ಗೆ ಕೋಡ್ ತಯಾರಿಸುವ ಕಂಪೈಲರ್ ಬಿಲ್ಡ್ ಮಾಡುತ್ತಿದ್ದೇನೆ. ಅದೇ ಹಳೇ ಸ್ಕ್ರಿಪ್ಟ್, ಅದೇ ಜಿಸಿಸಿ 6.3 ಕಂಪೈಲರ್. ಮೊದಲೆಲ್ಲ ಸಲೀಸಾಗಿ ಆಗುತ್ತಿತ್ತು. ಈಗ ಜಿಸಿಸಿಯ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿ ಹತ್ತಿರ ಬಂದು ಬೀಳುತ್ತದೆ. 'ಯುಸಿ' ಫೀಲ್ಡ್‌ಗೆ ಇನ್‌ಕಂಪ್ಲೀಟ್ ಟೈಪ್ ಅಂತೆ, ಅಂದರೆ ಅದರ ಟೈಪ್‌ನ ವಿವರ ಎಲ್ಲೂ ಸಿಗುತ್ತಿಲ್ಲ. ಟಾರ್ಗೆಟ್ ಎಎಆರ್ಚ್64 (64 ಬಿಟ್ ಆರ್ಮ್). ನಾನು ಏನೂ ಬದಲಾಯಿಸಿಲ್ಲ. ಸಾಕಾಗಿ ಹೋಗಿದೆ.

ರೂಟ್‌ರಾಯ: ಸಿಸ್‌ರೂಟ್ (ಟಾರ್ಗೆಟ್‌ನ ಹೆಡರ್, ಲೈಬ್ರರಿ ಇರುವ ಫೋಲ್ಡರ್) ತಪ್ಪಿರುತ್ತದೆ. ಹೋಸ್ಟ್ ಹೆಡರ್, ಅಂದರೆ ನಿಮ್ಮ ಮಷೀನ್‌ನದು, ನುಗ್ಗುತ್ತಿದೆ. ಕಾನ್ಫಿಗರ್ ಸಾಲು ಪೂರ್ತಿ ಹಾಕಿ.

ಟೂಲ್‌ಚೈನ್_ತಲೆನೋವು: ಮಾಮೂಲಿ ಆಪ್ಶನ್‌ಗಳೇ ಸರ್.

ರೂಟ್‌ರಾಯ: ಮಾಮೂಲಿ ಅಂದರೆ ನಮಗೇನು ಕನಸು ಬೀಳುತ್ತದಾ? ಮೈನಸ್ ವಿ ಕೊಟ್ಟು ಹೆಡರ್ ಹುಡುಕುವ ಪಟ್ಟಿ ನೋಡಿ.

ಟೂಲ್‌ಚೈನ್_ತಲೆನೋವು: ನೋಡಿದೆ. ಎಲ್ಲ ಸಿಸ್‌ರೂಟ್ ಒಳಗಿನದೇ.

ರೂಟ್‌ರಾಯ: ಆದರೂ ಸಿಸ್‌ರೂಟೇ. ಬಿಲ್ಡ್ ಡೈರೆಕ್ಟರಿ ಅಳಿಸಿ ಮತ್ತೆ ಮಾಡಿ.

ಮಸಲ್_ಮಂಜ: ಸುಮ್ನೆ ಜಿಲಿಬ್‌ಸಿ ಬಿಟ್ಟು ಮಸಲ್ ಅನ್ನುವ ಸಿ ಲೈಬ್ರರಿಗೆ ಬನ್ನಿ. ನನ್ನ 32 ಕೋರ್ ಥ್ರೆಡ್‌ರಿಪ್ಪರ್ ಪ್ರೊಸೆಸರ್‌ನಲ್ಲಿ ಕಾಫಿ ಕುಡಿಯುವಷ್ಟರಲ್ಲಿ ಟೂಲ್‌ಚೈನ್ ರೆಡಿ.

ಹೆಡರ್_ಹುಡುಗಿ: ಮಂಜಣ್ಣ, ಅವರು ಕೇಳಿದ್ದು ಅದಲ್ಲ. ಜಿಲಿಬ್‌ಸಿ ಯಾವ ವರ್ಷನ್?

ಟೂಲ್‌ಚೈನ್_ತಲೆನೋವು: 2.26. ಮೊದಲು 2.24 ಇತ್ತು. ಅದು ಟಾರ್ಗೆಟ್‌ದು ತಾನೇ, ಕಂಪೈಲರ್‌ಗೇನು ಸಂಬಂಧ?

ಹೆಡರ್_ಹುಡುಗಿ: ಏನೂ ಬದಲಾಯಿಸಿಲ್ಲ ಅಂದಿರಿ! ಲಿಬ್‌ಜಿಸಿಸಿ ಓಡುವುದು ಟಾರ್ಗೆಟ್ ಮೇಲೆ, ಹಾಗಾಗಿ ಬಿಲ್ಡ್ ಆಗುವುದೂ ಟಾರ್ಗೆಟ್ ಹೆಡರ್‌ಗಳ ಜೊತೆಗೇ. 2017ರ ಆಗಸ್ಟ್‌ನಲ್ಲಿ ಬಂದ 2.26ರಲ್ಲಿ 'ಸ್ಟ್ರಕ್ಟ್ ಯುಕಾಂಟೆಕ್ಸ್ಟ್' ಅನ್ನುವ ಹೆಸರು ತೆಗೆದರು. ಟೈಪ್ ಎಲ್ಲೂ ಹೋಗಿಲ್ಲ, 'ಯುಕಾಂಟೆಕ್ಸ್ಟ್_ಟಿ' ಅಂತ ಕರೆಯಬೇಕು. ಜಿಸಿಸಿ 6.3 ಬಂದಿದ್ದು 2016ರ ಡಿಸೆಂಬರ್‌ನಲ್ಲಿ, ಅದಕ್ಕೆ ಹಳೇ ಹೆಸರಷ್ಟೇ ಗೊತ್ತು. ಲಿಬ್‌ಜಿಸಿಸಿಯ ಕಾನ್ಫಿಗ್ ಫೋಲ್ಡರ್‌ನಲ್ಲಿ ಎಎಆರ್ಚ್64 ಒಳಗೆ ಲಿನಕ್ಸ್-ಅನ್‌ವೈಂಡ್.ಎಚ್ ಅನ್ನುವ ಫೈಲ್ ಇದೆ. ಅದರ ಆರ್‌ಟಿ_ಸಿಗ್‌ಫ್ರೇಮ್ ಅನ್ನುವ ಸ್ಟ್ರಕ್ಟ್‌ನಲ್ಲಿ 'ಸ್ಟ್ರಕ್ಟ್ ಯುಕಾಂಟೆಕ್ಸ್ಟ್ ಯುಸಿ' ಅನ್ನುವ ಸಾಲನ್ನು 'ಯುಕಾಂಟೆಕ್ಸ್ಟ್_ಟಿ ಯುಸಿ' ಮಾಡಿ. ತಿದ್ದುವ ಗೋಜು ಬೇಡ ಅಂದರೆ ಜಿಸಿಸಿ 7.2 ಹಾಕಿ, ಅದರಲ್ಲಿ ಸರಿಪಡಿಸಿದ್ದಾರೆ.

ರೂಟ್‌ರಾಯ: ಹೆಡರ್ ಸಮಸ್ಯೆ ಅಂತ ನಾನು ಹೇಳಿದ್ದೂ ಅದನ್ನೇ ಅಲ್ವಾ.

ಹೆಡರ್_ಹುಡುಗಿ: ನೀವು ಹೇಳಿದ್ದು ಹೋಸ್ಟ್ ಹೆಡರ್. ಇಲ್ಲಿ ಸಿಸ್‌ರೂಟ್ ಸರಿಯಿದ್ದಿದ್ದಕ್ಕೇ ಎರರ್ ಬಂದಿದ್ದು.

ಬೋರ್ಡ್_ಬಸ್ಯಾ: ಮಂಜಣ್ಣ, ಆ ಥ್ರೆಡ್‌ರಿಪ್ಪರ್‌ಗೆ ಕೂಲರ್ ಯಾವುದು? ಬೇಸಿಗೆಯಲ್ಲಿ ತಡೆಯುತ್ತಾ?

ಮಸಲ್_ಮಂಜ: ನೀರಿನದು, ಮೂರು ಫ್ಯಾನ್. ಸಂಜೆ ಫೋಟೋ ಹಾಕುತ್ತೇನೆ.

ಟೂಲ್‌ಚೈನ್_ತಲೆನೋವು: ಲಿಬ್‌ಜಿಸಿಸಿ ದಾಟಿತು, ಥ್ಯಾಂಕ್ಸ್. ಈಗ ಮೆಮೊರಿ ತಪ್ಪು ಹಿಡಿಯುವ ಲೈಬ್ರರಿ ಲಿಬ್‌ಸ್ಯಾನಿಟೈಸರ್‌ನಲ್ಲಿ 'ಸ್ಟ್ರಕ್ಟ್ ಸಿಗ್‌ಆಲ್ಟ್‌ಸ್ಟ್ಯಾಕ್' ಅಂತ ಹೊಸ ತಕರಾರು.

ಹೆಡರ್_ಹುಡುಗಿ: ಅದೂ 2.26ರಲ್ಲೇ ಹೋಗಿದ್ದು. ಈಗ 'ಸ್ಟ್ಯಾಕ್_ಟಿ' ಮಾತ್ರ. ಸ್ಯಾನಿಟೈಸರ್ ಬೇಡ ಅಂದರೆ ಡಿಸೇಬಲ್-ಲಿಬ್‌ಸ್ಯಾನಿಟೈಸರ್ ಕೊಟ್ಟು ಮುಂದೆ ಹೋಗಿ.

ಟೂಲ್‌ಚೈನ್_ತಲೆನೋವು: ಬೇಕೇ ಬೇಕು. ಯಾವ್ಯಾವ ಫೈಲ್ ತಿದ್ದಬೇಕು ಹೇಳಿ.

ರೂಟ್‌ರಾಯ: ಕಾನ್ಫಿಗರ್ ಸಾಲು ಇನ್ನೂ ಹಾಕಿಲ್ಲ ನೀವು.