ಅಪ್‌ಡೇಟ್: ಗೈಡ್ ಜೊತೆ ಮಡಿಕೇರಿ ಸುತ್ತಿ ಬಂದೆವು

ಕುಶಾಲನಗರದಲ್ಲೇ ಇರುವವರು ಮಡಿಕೇರಿ ನೋಡೋಕೆ ಗೈಡ್ ಮಾಡಬೇಕಾ, ಅದೂ ಮಂಡಿನೋವಿನ ಅತ್ತೆಯನ್ನು ಕರೆದುಕೊಂಡು, ಅಂತ ಹೋದ ತಿಂಗಳು ಕೇಳಿದ್ದೆ. ‘ಸುಮ್ನೆ ದುಡ್ಡು ದಂಡ’ ಅಂದವರೇ ಜಾಸ್ತಿ. ಆದರೂ ಮಾಡಿದೆವು.

ಮಾಡಿದ್ದು ಒಳ್ಳೆಯದೇ ಆಯಿತು. ಗದ್ದುಗೆಯ ಗುಮ್ಮಟ, ಮಿನಾರು ದೂರದಿಂದ ನೋಡಿ ಇಷ್ಟು ವರ್ಷ ಯಾವುದೋ ದರ್ಗಾ ಅಂದುಕೊಂಡಿದ್ದೆ. ನಗಬೇಡಿ! ಅದು ಕೊಡಗಿನ ಲಿಂಗಾಯತ ಅರಸರ ಸಮಾಧಿ. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ ಇಬ್ಬರೂ ಅಲ್ಲೇ ಇದ್ದಾರೆ. ತಲೆ ಎತ್ತಿ ನೋಡಿದರೆ ಮೂಲೆಗಳಲ್ಲಿ ನಂದಿ! ಗೈಡ್ ಬೆರಳು ತೋರಿಸದಿದ್ದರೆ ಕಾಣುತ್ತಲೇ ಇರಲಿಲ್ಲ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೂ ಅಂಥದ್ದೇ ಗುಮ್ಮಟ. ಅತ್ತೆ ಕೆರೆಯ ಮೀನು ನೋಡುತ್ತಾ ಕೂತುಬಿಟ್ಟರು, ಮಂಡಿನೋವಿನ ಮಾತೇ ಇಲ್ಲ.

ಕೋಟೆಯಲ್ಲಿ ಸ್ವಲ್ಪ ಅವಸರವಾಯಿತು. ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ, ಟಿಪ್ಪು ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ, 1834ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಒಳಗಿನ ಹಳೇ ಚರ್ಚೇ ಈಗ ಮ್ಯೂಸಿಯಂ. ಆನೆ ಪ್ರತಿಮೆಗಳ ಮುಂದೆ ಒಂದು ಫೋಟೋ ತೆಗೆಯುವಷ್ಟರಲ್ಲಿ ಗೈಡ್ ‘ಹೊರಡೋಣ’ ಅಂದರು.

ಅವಸರ ಯಾಕೆ ಅಂತ ಆಮೇಲೆ ಗೊತ್ತಾಯಿತು. ಒಂದು ಮಸಾಲೆ ಅಂಗಡಿಯಲ್ಲಿ ನಲವತ್ತು ನಿಮಿಷ ನಿಲ್ಲಿಸಿದರು. ನಮ್ಮ ತೋಟದಲ್ಲೇ ಕಾಳುಮೆಣಸು ಬೆಳೆಯುತ್ತೆ ಅಂದರೂ ಕೇಳಲಿಲ್ಲ. ನೀವು ಹೋಗುವುದಾದರೆ ‘ಅಂಗಡಿ ಬೇಡ’ ಅಂತ ಮೊದಲೇ ಹೇಳಿಬಿಡಿ. ಇದರಿಂದ ಸೂರ್ಯಾಸ್ತ ನೋಡುವ ಜಾಗ ರಾಜಾಸೀಟಿಗೆ ಹೊತ್ತೇ ಸಿಗಲಿಲ್ಲ.