ಮಾಸ್ಕ್ ತೊಡಿಸಿದ್ದು ಯಾವುದು?

ಪ್ರಶ್ನೆ (ಡೊಂಬಿವಲಿ):
2020ರ ಏಪ್ರಿಲ್‌ನಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಸೋಪಿನ ನೀರಿನಲ್ಲಿ ತೊಳೆದು ಒಳಗೆ ತರುತ್ತಿದ್ದ ನಮ್ಮ ಕಟ್ಟಡದವರ ಮಾಸ್ಕ್ ದೀಪಾವಳಿಯ ಹೊತ್ತಿಗೆ ಗಲ್ಲಕ್ಕೆ ಇಳಿದಿತ್ತು. ಕೊರೊನಾ ರೋಗವಂತೂ ಹೋಗಿರಲಿಲ್ಲ. ಜನರು ಮುಂಜಾಗ್ರತೆಯನ್ನು ಬಿಡದೆ ಪಾಲಿಸುವಂತೆ ಮಾಡುವುದು ಭಯವೋ, ದಂಡವೋ, ಬೇರೇನಾದರೂ ಇದೆಯೋ?

ಉತ್ತರ (ಮಾಟುಂಗಾ):
ಭಯಕ್ಕೆ ಆಯುಸ್ಸು ಕಡಿಮೆ. ಹೇಳಿದ ಉಪಾಯದಿಂದ ಪ್ರಯೋಜನವಿದೆ, ಅದು ನನ್ನ ಕೈಲಾಗುತ್ತದೆ ಎಂಬ ಎರಡು ನಂಬಿಕೆಗಳೂ ಬೇಕೆಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಇದಕ್ಕೆ ನಮ್ಮ ಪಕ್ಕದ ಧಾರಾವಿಯೇ ಸಾಕ್ಷಿ. ಅಲ್ಲಿ ಮೊದಲ ಪ್ರಕರಣ ಪತ್ತೆಯಾದದ್ದು 2020ರ ಏಪ್ರಿಲ್ 1ರಂದು. ಹತ್ತಡಿ ಕೋಣೆಯಲ್ಲಿ ಎಂಟು ಜನ ಮಲಗುವ, ಶೌಚಕ್ಕೂ ಸರತಿ ನಿಲ್ಲಬೇಕಾದ ಕಡೆ 'ಅಂತರ ಕಾಯಿರಿ' ಎಂದರೆ ಯಾರು ತಾನೇ ಕಾಯಬಲ್ಲರು? ಸಾರ್ವಜನಿಕ ಶೌಚಾಲಯಗಳನ್ನು ಮತ್ತೆ ಮತ್ತೆ ಶುಚಿಗೊಳಿಸಿ, ಗಲ್ಲಿಗಳಲ್ಲೇ ಜ್ವರ ತಪಾಸಣೆ ನಡೆಸಿ, ಪ್ರತ್ಯೇಕವಾಗಿ ಇರಲು ಶಾಲೆಗಳಲ್ಲಿ ಜಾಗವನ್ನೂ ಊಟವನ್ನೂ ಒದಗಿಸಿದ ಮೇಲೆಯೇ ಆ ಮಾತಿಗೆ ಅರ್ಥ ಬಂತು. ಮನೆಮನೆಗೆ ಹೋದವರಲ್ಲಿ ಅಲ್ಲಿಯ ಖಾಸಗಿ ವೈದ್ಯರೂ ಇದ್ದರು. ಗುರುತಿನ ಮುಖ ಕಂಡರೆ ಬಾಗಿಲು ಬೇಗ ತೆರೆಯುತ್ತದೆ.

ಉತ್ತರ (ಪುಣೆ):
ಬಲವಂತ ಏನು ಮಾಡುತ್ತದೆಂಬುದನ್ನು ನಮ್ಮ ಊರು 1897ರಲ್ಲೇ ಕಂಡಿದೆ. ಪ್ಲೇಗಿನ ಹೆಸರಿನಲ್ಲಿ ಸೈನಿಕರು ದೇವರ ಕೋಣೆಗೂ ನುಗ್ಗಿದಾಗ ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ಆ ಆಕ್ರೋಶ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸುವವರೆಗೂ ಹೋಯಿತು. ಅದೇ ವರ್ಷ ಜನವರಿ 10ರಂದು ಮುಂಬೈಯಲ್ಲಿ ವಿಜ್ಞಾನಿ ಹಾಫ್ಕಿನ್ ತಾವು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಮೊದಲು ತಮ್ಮ ಮೈಗೇ ಚುಚ್ಚಿಕೊಂಡಿದ್ದರು. ನನ್ನ ಮಟ್ಟಿಗೆ ನೂರು ಆದೇಶಗಳಿಗಿಂತ ಅದು ದೊಡ್ಡದು.

ಉತ್ತರ (ಘಾಟ್ಕೋಪರ್):
ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಹೊಟ್ಟೆಪಾಡನ್ನು ಮರೆಯಬಾರದು. 2021ರ ಆಗಸ್ಟ್ 15ರಿಂದ, ಕೊರೊನಾ ಲಸಿಕೆಯ ಎರಡನೆಯ ಡೋಸ್ ಆಗಿ 14 ದಿನ ಕಳೆದವರಿಗೆ ಲೋಕಲ್ ರೈಲಿನ ಪಾಸ್ ಸಿಗುತ್ತದೆಂದಾಗ, ಅಲ್ಲಿಯವರೆಗೆ ಸೂಜಿಯೆಂದರೆ ಮುಖ ತಿರುಗಿಸುತ್ತಿದ್ದ ನಮ್ಮ ಹೋಟೆಲಿನ ಹುಡುಗರು ಬೆಳಗಿನ ಐದಕ್ಕೇ ಸರತಿಯಲ್ಲಿ ನಿಂತರು. ಇದನ್ನು ನಾನು ಬಲವಂತವೆನ್ನಲಾರೆ. ದುಡಿಮೆಗೆ ಮರಳುವ ದಾರಿ ಅವರಿಗೆ ಕಣ್ಣೆದುರು ಕಂಡಿತ್ತು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನಿಮ್ಮ ಮಾತು ಓದುತ್ತಿದ್ದಂತೆ ನಮ್ಮ ಮಹಡಿಯ ಒಂದು ಮನೆ ನೆನಪಾಯಿತು. ಅಲ್ಲಿಯ ತಂದೆಗೆ ವಾರಕ್ಕೆರಡು ಸಲ ಡಯಾಲಿಸಿಸ್. ಉಳಿದವರೆಲ್ಲ ಬಿಟ್ಟ ಮೇಲೂ ಆ ಮನೆಯ ಬಾಗಿಲ ಬಳಿಯ ಮೊಳೆಗೆ ತೊಳೆದು ಒಣಗಿಸಿದ ನಾಲ್ಕು ಮಾಸ್ಕ್‌ಗಳು ದಿನವೂ ತೂಗುತ್ತಿದ್ದವು.