ಆರ್ಗ್ಯಾನಿಕ್ ಗ್ರೋತ್ ಅಂದ್ರೆ ಏನ್ರೀ?

ಗೊಂದಲಪ್ಪ: ನಮ್ದು ಸಣ್ಣ ಚಟ್ನಿಪುಡಿ ಬಿಸಿನೆಸ್, ಬ್ಯಾಂಕಿನೋರು ಆರ್ಗ್ಯಾನಿಕ್ ಗ್ರೋತ್ ಎಷ್ಟು ಅಂದ್ರು, ನಾನು ಸಾವಯವ ಮೆಣಸಿನಕಾಯಿ ಕೇಳ್ತಿದಾರೆ ಅನ್ಕೊಂಡೆ 😅

ರವೆಇಡ್ಲಿ: ಹಹ್ಹಾ. ಬೇರೆ ಕಂಪನಿ ಕೊಂಡ್ಕೊಳ್ದೆ ನಿಮ್ಮದೇ ಮಾಲಿಂದ ಸೇಲ್ಸ್ ಏರೋದು ಅಷ್ಟೆ. ಎಂಟಿಆರ್ ನೋಡಿ, 1924ರ ಹೋಟ್ಲು, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗ್ದೆ ರವೆ ಇಡ್ಲಿ ಮಾಡಿದ್ರು, ಎಮರ್ಜೆನ್ಸಿಲಿ ರೇಟ್ ಕಂಟ್ರೋಲ್ ಬಂದು ಹೋಟ್ಲು ಲಾಸ್ ಆದಾಗ ರೆಡಿ ಮಿಕ್ಸ್ ಪ್ಯಾಕೆಟ್ಟಿಗೆ ಇಳಿದ್ರು, ಎಲ್ಲಾ ಅದೇ ಅಡುಗೆಮನೆ ಬುದ್ಧಿ.

ಲೆಕ್ಕದಬುಕ್ಕು: ಆದ್ರೆ 2007ರಲ್ಲಿ ಎಂಟಿಆರ್ ಫುಡ್ಸ್‌ನ್ನ ನಾರ್ವೆಯ ಓರ್ಕ್ಲಾ ಅನ್ನೋ ಕಂಪನಿ ಕೊಂಡ್ಕೊಂಡಿದ್ದು ಓರ್ಕ್ಲಾಗೆ ಆರ್ಗ್ಯಾನಿಕ್ ಅಲ್ಲ. ಬ್ಯಾಂಕಿಗೆ ರೇಟ್ ಏರ್ಸಿ ಬಂದಿದ್ದೆಷ್ಟು, ಕೆಜಿ ಜಾಸ್ತಿ ಹೋಗಿದ್ದೆಷ್ಟು ಬೇರೆಬೇರೆ ತೋರ್ಸಿ.

ಗೊಂದಲಪ್ಪ: ಕೆಜಿ ಅಷ್ಟೇ ಇದೆ ಗುರು, ರೇಟ್ ಮಾತ್ರ ಏರ್ಸಿದೀನಿ 🙈